ಇಂಡಿಯಾ ಟೀಮಿನ ಗಾಲಿ ಅಲೈನ್‌ಮೆಂಟ್

ಸೊಟ್ಟಗಿರುವ ಗಾಲಿ ಕಂಡರೆ ಹಂಪೇಶನ ಕೈ ಸುಮ್ಮನಿರುತ್ತಿರಲಿಲ್ಲ. ಚಿತ್ತವಾಡ್ಗಿಯ ತುದಿಯಲ್ಲಿ ಅವನ ವೀಲ್ ಅಲೈನ್‌ಮೆಂಟ್ ಅಂಗಡಿ. ಸಂಡೂರಿನ ಅದಿರು ಲಾರಿಗಳು ಗುಂಡಿಗಳಲ್ಲಿ ಬಿದ್ದೆದ್ದು, ಕುಡಿದವರಂತೆ ಒಂದು ಕಡೆ ವಾಲಿಕೊಂಡು ಬರುತ್ತಿದ್ದವು, ಸಂಭಾವಿತರಾಗಿ ಹೋಗುತ್ತಿದ್ದವು. ಮದುವೆಗೆ ಹೋದರೂ ಅವನು ಮೊದಲು ನೋಡುವುದು ಮದುಮಗಳನ್ನಲ್ಲ, ದಿಬ್ಬಣದ ಬಸ್ಸಿನ ಮುಂದಿನ ಗಾಲಿಗಳನ್ನು.

ಅಂಥವನ ಮುಂದೆ ಆ ದಿನ ಬೆಳಿಗ್ಗೆ ಆಟೋ ಹುಲುಗಪ್ಪ ಒಂದು ಗಾಲಿಕುರ್ಚಿ ತಂದಿಳಿಸಿದ.

“ಎಮ್ಮಿಗನೂರಿನ ತ್ರಿವೇಣಿದು. ಇಂಡಿಯಾ ಟೀಮಿನ್ಯಾಗ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡ್ತಾಳಲ್ಲ, ಆಕಿದು. ಇವತ್ತು ಸಂಜಿ ಬ್ಯಾಂಕಾಕಿಗೆ ಹೊಂಟಾಳ. ಹೋಗೋ ಮುಂದ ಇಲ್ಲೇ ಬಂದು ಒಯ್ತಾಳಂತ. ರೆಡಿ ಮಾಡಿಡು.”

“ಏನಾಗೈತಿ ಇದಕ್ಕ?”

“ನಂಗೇನ್ ಗೊತ್ತೋ ಮಾರಾಯಾ? ಹಿಂದ ಪ್ಯಾಸೆಂಜರ್ ಒದರಾಕತ್ಯಾರ!” ಎಂದು ಹುಲುಗಪ್ಪ ಆಟೋ ತಿರುಗಿಸಿಬಿಟ್ಟ.

ಏನಾಗಿದೆಯೆಂದು ಹಂಪೇಶನಿಗೆ ಯಾರೂ ಹೇಳಬೇಕಿರಲಿಲ್ಲ. ಎರಡೂ ದೊಡ್ಡ ಗಾಲಿಗಳು ಮೇಲೆ ಒಳಕ್ಕೆ ಬಾಗಿ, ಕೆಳಗೆ ಹೊರಕ್ಕೆ ಚಾಚಿ, ಈಗಷ್ಟೇ ಹುಟ್ಟಿದ ಕರು ಕಾಲಗಲಿಸಿ ನಿಂತ ಹಾಗಿದ್ದವು. ದೇಶದ ಪರವಾಗಿ ಆಡುವ ಹುಡುಗಿಗೆ ಇಂಥ ಕುರ್ಚಿಯೇ! ಅವನು ಅದಿರು ಲಾರಿಯೊಂದನ್ನು ಅರ್ಧಕ್ಕೆ ಬಿಟ್ಟು, ಅಡಿಯ ಪೈಪಿಗೆ ಜಾಕ್ ಕೊಟ್ಟು, ಕಾಯಿಸಿ, ಬಡಿದು, ದಾರ ಹಿಡಿದು ನೋಡಿ ಗಾಲಿಗಳನ್ನು ಕಡ್ಡಿಯಂತೆ ನೆಟ್ಟಗೆ ನಿಲ್ಲಿಸಿದ. ಫೋಟೋ ತೆಗೆದು ಸ್ಟೇಟಸ್ ಹಾಕಿದ: “ಭಾರತ ತಂಡದ ಗಾಲಿ ಅಲೈನ್‌ಮೆಂಟ್ ನಮ್ಮಲ್ಲಿ ಮಾಡಲಾಗಿದೆ.”

ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು.

ಮೊದಲು ಬಂದವರು ಅಕ್ಕಿ ಗಿರಣಿಯ ದೊಡ್ಡಬಸಪ್ಪ. ಬೀದಿಯಲ್ಲಿ ಯಾರು ಏನೇ ರಿಪೇರಿ ಮಾಡಲಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು ಅವರ ಕೆಲಸ. ಹಿಂದೆಯೇ ಎದುರಿನ ಮಿರ್ಚಿ ಬಂಡಿಯ ಕೊಟ್ರಬಸಮ್ಮ ಕುಂಕುಮ, ನಿಂಬೆಹಣ್ಣು ಹಿಡಿದು ಬಂದಳು.

“ವಿದೇಶಕ್ಕ ಹೋಗೋ ಗಾಡಿ, ಪೂಜಿ ಇಲ್ದ ಹೆಂಗ ಕಳಿಸ್ತೀಯೋ?” ಎಂದು ಗಾಲಿಗಳಿಗೆ ನಿಂಬೆಹಣ್ಣು ಕೊಟ್ಟಳು. ದೊಡ್ಡಬಸಪ್ಪ ಕುರ್ಚಿ ತಳ್ಳಿದರು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಎಲ್ಲರೂ ಕೈಮುಗಿದರು.

ಅಷ್ಟರಲ್ಲಿ ಕೊಟ್ರಬಸಮ್ಮನ ಮಗಳು ಭವ್ಯ ಕಾಲೇಜಿನಿಂದ ಬಂದಳು. ದೈಹಿಕ ಶಿಕ್ಷಣ ಓದುವವಳು.

“ಅಣ್ಣಾ, ಇದನ್ನ ನೆಟ್ಟಗ ಯಾಕ ಮಾಡೀರಿ?”

“ಸೊಟ್ಟ ಇತ್ತವಾ.”

“ಸೊಟ್ಟಾನ ಇರಬೇಕ್ರೀ!” ಭವ್ಯ ಮೊಬೈಲಿನಲ್ಲಿ ಒಂದು ಅಂತಾರಾಷ್ಟ್ರೀಯ ಪಂದ್ಯ ಹಚ್ಚಿದಳು. ಹತ್ತು ಜನ ಕುರ್ಚಿಗಳಲ್ಲಿ ಮಿಂಚಿನಂತೆ ತಿರುಗುತ್ತಿದ್ದರು, ಢಿಕ್ಕಿ ಹೊಡೆಯುತ್ತಿದ್ದರು, ಬಿದ್ದವರು ಕುರ್ಚಿಯ ಸಮೇತ ಎದ್ದು ಮತ್ತೆ ಓಡುತ್ತಿದ್ದರು. ಒಂದೊಂದು ಕುರ್ಚಿಯ ಗಾಲಿಯೂ ಹಂಪೇಶ ಬೆಳಿಗ್ಗೆ ಕಂಡ ಹಾಗೇ ಕಾಲಗಲಿಸಿತ್ತು.

“ಜಪಾನಿನವ್ರದೂ ಸೊಟ್ಟ ಐತಲ್ಲೋ” ಎಂದರು ದೊಡ್ಡಬಸಪ್ಪ.

“ಆಸ್ಟ್ರೇಲಿಯಾದವ್ರದೂ ಸೊಟ್ಟ” ಎಂದಳು ಕೊಟ್ರಬಸಮ್ಮ. “ಎಲ್ಲಾ ದೇಶದವ್ರು ಕಣ್ಣು ಮುಚ್ಚಿಕೊಂಡು ಮಾಡ್ಯಾರೇನು?”

“ಹಂಗಿದ್ರ ಲಗೂನ ಮಗುಚಂಗಿಲ್ಲಬೇ, ಗರ್ರಂತ ತಿರುಗ್ತೈತಿ” ಎಂದಳು ಭವ್ಯ. “ಈ ನೆಟ್ಟನ ಕುರ್ಚ್ಯಾಗ ಆಡಿದ್ರ ತ್ರಿವೇಣಕ್ಕ ಮೊದಲನೇ ಢಿಕ್ಕಿಗೇ ಮಕಾಡೆ ಬೀಳ್ತಾಳ.”

ಹಂಪೇಶನ ಕಣ್ಣ ಮುಂದೆ ಬ್ಯಾಂಕಾಕಿನ ಮೈದಾನ, ಮಗುಚಿದ ತ್ರಿವೇಣಿ, ಅವಳ ಮೇಲೆ ಕುರ್ಚಿ, ಕುರ್ಚಿಯ ಮೇಲೆ ತನ್ನ ಅಂಗಡಿಯ ಹೆಸರು. ಸ್ಟೇಟಸ್ ಅಳಿಸಲು ಹೋದ. ಆಗಲೇ ಅರ್ಧ ಹೊಸಪೇಟೆ ನೋಡಿತ್ತು. ಗಾದಿಗನೂರಿನ ಮಾವ ಅದಕ್ಕೆ ಧ್ವಜದ ಚಿತ್ರ ಕಳಿಸಿದ್ದ.

ಹುಲುಗಪ್ಪನಿಂದ ನಂಬರ್ ಪಡೆದು ತ್ರಿವೇಣಿಗೆ ಫೋನ್ ಮಾಡಿದರೆ ಅವಳ ತಂಗಿ ಎತ್ತಿದಳು. ಹಿಂದೆ ಮೈಕಿನ ಅಬ್ಬರ.

“ಅಕ್ಕ ಸ್ಟೇಜ್ ಮ್ಯಾಲದಾಳ್ರೀ, ಕಂಪ್ಲ್ಯಾಗ ಸನ್ಮಾನ. ಕುರ್ಚಿ ಆತೇನ್ರೀ?”

“ಅದ… ಗಾಲಿ ವಿಷಯಾನ ಕೇಳೋದಿತ್ತು…”

“ಜಲ್ದಿ ಸರಿ ಮಾಡ್ರಿ ಅಣ್ಣಾ. ಅದಿಲ್ಲಂದ್ರ ಆಕೀಗೆ ಕೈಕಾಲೇ ಆಡಂಗಿಲ್ಲ!” ಫೋನ್ ಕಟ್ಟಾಯಿತು.

“ಕೇಳಿದಿಲ್ಲೋ? ಇನ್ನ ನೋಡ್ತೀಯೇನು, ಸೊಟ್ಟ ಮಾಡು!” ಎಂದು ದೊಡ್ಡಬಸಪ್ಪ ಪಂಚೆ ಎತ್ತಿ ಕಟ್ಟಿದರು.

ಹುಟ್ಟಿದಾಗಿನಿಂದ ನೆಟ್ಟಗೆ ಮಾಡಿದವನಿಗೆ ಸೊಟ್ಟ ಮಾಡುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಎಡಗಾಲಿ ಬಾಗಿದರೆ ಬಲಗಾಲಿ ಸೆಟೆಯಿತು. ಬಲಗಾಲಿ ಬಾಗಿದರೆ ಕುರ್ಚಿಯೇ ತಲೆ ವಾರೆ ಮಾಡಿ ನೋಡಿತು. ಕೊಟ್ರಬಸಮ್ಮ ಮೊಬೈಲನ್ನು ಹಂಪೇಶನ ಮೂಗಿಗೆ ಹಿಡಿದು, “ಇನ್ನಾ ಜರಾ ಅಗಲ… ಜಪಾನಿನಷ್ಟು ಬರವಲ್ದು” ಎಂದು ಅಳತೆ ಹೇಳಿದಳು. ಎಣ್ಣೆಯಲ್ಲಿ ಮಿರ್ಚಿಗಳು ಕರಕಲಾದವು.

ಮಧ್ಯಾಹ್ನದ ಹೊತ್ತಿಗೆ ಭವ್ಯ ಇನ್ನೊಂದು ಕಂಡುಹಿಡಿದಳು. ವಿಡಿಯೋದ ಕುರ್ಚಿಗಳಿಗೆ ಹಿಂದಿನಿಂದ ತಳ್ಳುವ ಹಿಡಿಗಳಿರಲಿಲ್ಲ.

“ಅವರನ್ನ ಯಾರು ತಳ್ತಾರವಾ? ಕೊಯ್ಯಿ” ಎಂದರು ದೊಡ್ಡಬಸಪ್ಪ. ಹಂಪೇಶ ಹಿಡಿಗಳನ್ನು ಕೊಯ್ದ.

“ಮುಂದ ಒಂದು ಕಬ್ಬಿಣದ ಪಟ್ಟಿ ಐತಿ ನೋಡ್ರಿ, ಢಿಕ್ಕಿ ಹೊಡ್ಯಾಕ.”

“ಬಂಪರ್ ಅನ್ನು! ಅದನ್ನ ನಮ್ಮವ್ರಿಗೆ ಜಪಾನಿನವ್ರು ಕಲಿಸಬೇಕೇನು?” ದೊಡ್ಡಬಸಪ್ಪ ತಾವೇ ಹೋಗಿ ಗಿರಣಿಯ ಹಳೇ ಲಾರಿಯ ಬಂಪರಿನ ತುಂಡು ತಂದರು. ಅದೂ ಕೂತಿತು. ಬಂಪರಿನ ಮೇಲೆ ‘ಅಂತರ ಕಾಪಾಡಿ’ ಎಂಬ ಬರಹ ಹಾಗೇ ಉಳಿಯಿತು. ಎದುರಾಳಿಗಳಿಗೆ ಒಳ್ಳೆಯದೇ ಎಂದು ಯಾರೂ ಅಳಿಸಲಿಲ್ಲ.

ಕೊನೆಗೆ ಹಂಪೇಶ ಪೈಪಿನ ಅಡಿಗೆ ಲಾರಿ ಸ್ಪ್ರಿಂಗಿನ ಉಕ್ಕಿನ ಪಟ್ಟಿ ಕೊಟ್ಟು ಗಟ್ಟಿಯಾಗಿ ವೆಲ್ಡಿಂಗ್ ಹೊಡೆದ. ಆನೆ ಕೂತರೂ ಗಾಲಿ ಆ ಸೊಟ್ಟತನ ಬಿಡುವಂತಿರಲಿಲ್ಲ. ಮಸಿ ಮೆತ್ತಿದ ಮುಖದಲ್ಲಿ, ಹಸಿದ ಹೊಟ್ಟೆಯಲ್ಲಿ, ಅವನಿಗೆ ಮೊದಲ ಬಾರಿಗೆ ಉಸಿರು ಬಂತು.

ಸಂಜೆ ಕ್ರೂಸರ್ ಗಾಡಿ ಬಂದು ನಿಂತಿತು. ಬಾಗಿಲು ತೆರೆದು ತ್ರಿವೇಣಿ ಕೈ ಬೀಸಿದಳು. ಕೊರಳಲ್ಲಿ ಸನ್ಮಾನದ ಹಾರ, ಭುಜಗಳು ಗರಡಿ ಆಳಿನಂಥವು.

“ಆತೇನಣ್ಣಾ?”

“ಆಗೈತವಾ!” ಹಂಪೇಶ ಎದೆಯುಬ್ಬಿಸಿ ಕುರ್ಚಿಯ ಮೇಲಿನ ಬಟ್ಟೆ ಸರಿಸಿದ. “ನೋಡು. ಜನ್ಮದಾಗ ಇನ್ನ ನೆಟ್ಟಗಾಗಂಗಿಲ್ಲ!”

ತ್ರಿವೇಣಿ ನೋಡಿದಳು. ಗಾಲಿ ನೋಡಿದಳು, ಬಂಪರ್ ನೋಡಿದಳು, ಹಿಡಿಗಳಿದ್ದ ಜಾಗ ನೋಡಿದಳು.

“ಅಣ್ಣಾ” ಎಂದಳು ನಿಧಾನವಾಗಿ, “ಇದು ನಾ ದಿನಾ ಮನ್ಯಾಗ, ಬಜಾರದಾಗ ಓಡಾಡೋ ಕುರ್ಚಿ. ಮೊನ್ನಿ ಟೀಮಿಗೆ ಸೆಲೆಕ್ಟ್ ಆದಾಗ ಇದರಾಗ ನಮ್ ದೊಡ್ಡಪ್ಪ, ಅವನ ತೊಡಿ ಮ್ಯಾಲೆ ನಮ್ ಸ್ವಾದರಮಾವ ಕುಂತು ಸೆಲ್ಫಿ ತಕ್ಕೊಂಡ್ರು. ಪೈಪ್ ಬಗ್ಗಿ ಗಾಲಿ ಸೊಟ್ಟ ಆತು. ನೆಟ್ಟಗ ಮಾಡ್ರಿ ಅಂತ ಕಳಿಸಿದ್ದೆ.”

ಗಾಡಿಯ ಹಿಂದಿನ ಸೀಟಿಗೆ ಬೆಲ್ಟ್ ಬಿಗಿದು ನಿಲ್ಲಿಸಿದ್ದ ಇನ್ನೊಂದು ಕುರ್ಚಿ ಹಂಪೇಶನಿಗೆ ಆಗ ಕಂಡಿತು. ತೆಳುವಾಗಿ, ಹಗುರವಾಗಿ, ಅಂದವಾಗಿ ಕಾಲಗಲಿಸಿತ್ತು.

“ಎರಡೆರಡು ಕುರ್ಚಿ ಯಾಕವಾ ನಿನಗ?” ಎಂದರು ದೊಡ್ಡಬಸಪ್ಪ, ತಪ್ಪು ಅವಳದೇ ಎಂಬಂತೆ.

“ನಿಮ್ ಮನ್ಯಾಗ ಎಷ್ಟು ಜೊತಿ ಚಪ್ಪಲಿ ಅದಾವ್ರೀ ಯಜಮಾನ್ರ?”

ದೊಡ್ಡಬಸಪ್ಪ ಮನೆಗೊಂದು, ಗಿರಣಿಗೊಂದು, ಬೀಗರ ಮನೆಗೊಂದು ಎಂದು ಬೆರಳು ಮಡಿಸತೊಡಗಿದರು.

“ಒಂದು ತಾಸು ಕೊಡವಾ” ಎಂದ ಹಂಪೇಶ, “ಬೆಳಿಗ್ಗೆ ಒಮ್ಮಿ ಮಾಡೀನಿ, ಮತ್ತ ನೆಟ್ಟಗ ಮಾಡ್ತೀನಿ.”

“ತಾಸು ಎಲ್ಲಿಂದ ತರ್ಲಿ? ಚಿತ್ರದುರ್ಗದಾಗ ಇನ್ನಿಬ್ರು ಕಾಯಾಕತ್ಯಾರ, ಬೆಳಕಾಗೋದ್ರಾಗ ವಿಮಾನ. ಇದಿಲ್ಲಂದ್ರ ಬ್ಯಾಂಕಾಕಿನ್ಯಾಗ ಊಟಕ್ಕ ಹೆಂಗ ಹೋಗ್ಲಿ? ಆಟದ ಕುರ್ಚಿಗೆ ಬ್ರೇಕ್ ಸೈತ ಇಲ್ಲ, ಇದು ಹಿಂಗ ಅಗಲಿದ್ರ ಬಾಗಲದಾಗ ಹಿಡಿಯಂಗಿಲ್ಲ.” ತ್ರಿವೇಣಿ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟಳು. “ಗರಗಸ, ಸುತ್ತಿಗಿ ತಗೊಂಡು ಹತ್ತಣ್ಣಾ. ಬೆಂಗಳೂರು ಮುಟ್ಟೋದ್ರಾಗ ಆದಷ್ಟು ಬಿಡಿಸು.”

ಹೀಗೆ ಹಂಪೇಶ, ಹೆಂಡತಿಗೆ ಹೇಳಲೂ ಪುರುಸೊತ್ತಿಲ್ಲದೆ, ಕ್ರೂಸರಿನ ಹಿಂಭಾಗದಲ್ಲಿ ಕುರ್ಚಿಯನ್ನು ತೊಡೆಗಳ ನಡುವೆ ಹಿಡಿದು ಕೂತ. ಲಾರಿ ಪಟ್ಟಿಗೆ ತಾನೇ ಹೊಡೆದ ವೆಲ್ಡಿಂಗ್ ಎಷ್ಟು ಚೆನ್ನಾಗಿತ್ತೆಂದರೆ ಕೂಡ್ಲಿಗಿ ದಾಟಿದರೂ ಗರಗಸ ಅದರಲ್ಲಿ ಗೀರು ಮಾತ್ರ ಹಾಕಿತ್ತು. ಅವನು ಬೆವರೊರೆಸಿಕೊಂಡು ಹೊಸ ಬ್ಲೇಡ್ ಹಾಕಿದ.

ಮುಂದಿನ ಸೀಟಿನಿಂದ ತ್ರಿವೇಣಿಯ ದನಿ ಬಂತು.

“ಅಣ್ಣಾ, ನಾಡಿದ್ದು ಮ್ಯಾಚ್ ಐತಿ, ನಾ ಒಂಚೂರು ಮಲಗ್ತೀನಿ. ಸಪ್ಪಳ ಮಾಡಬ್ಯಾಡ, ಮೆಲ್ಲಕ ಕೊಯ್ಯಿ.”