ಬೂದಿಕೋಟೆಯ ನೀರಿನ ಬಾಣ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತೇ ಆಡದವನಿಗೆ ಏನಾಗುತ್ತದೆಂದು ಮಾತ್ರ ಯಾರೂ ಹೇಳಿಲ್ಲ. ಅದನ್ನು ಉರಿಗಾಂನ ನವನೀತನನ್ನೇ ಕೇಳಬೇಕು.

ನವನೀತ ಓದುತ್ತಿದ್ದದ್ದು ಡಿಸೈನು. ಅಕ್ಷರ ಬಾರದವರಿಗೂ ಅರ್ಥವಾಗುವಂತೆ ಬಸ್ ಸ್ಟ್ಯಾಂಡು, ಆಸ್ಪತ್ರೆಗಳಿಗೆ ಫಲಕ ಬರೆಯುವ ವಿದ್ಯೆ. ಹೋದ ಸಲ ಶೌಚಾಲಯದ ಗುರುತಿಗೆಂದು ಅವನು ಬರೆದ ಗಂಡು ಹೆಣ್ಣಿನ ಚಿತ್ರ ನೋಡಿ ಜನ ಮದುವೆ ಛತ್ರವೆಂದುಕೊಂಡು ಉಡುಗೊರೆ ಸಮೇತ ನುಗ್ಗಿದ್ದರು. ಈ ಸಲವೂ ಫೇಲಾದರೆ ಇಡೀ ವರ್ಷ ಮತ್ತೆ ಓದಬೇಕಿತ್ತು.

“ಬೋರ್ಡ್ ಹಾಕಿ ಪಕ್ಕದಲ್ಲೇ ನಿಂತು ನೋಡು. ಬಾಯಿ ಮಾತ್ರ ಬಿಡಬೇಡ, ಚಿಹ್ನೆಯೇ ಮಾತಾಡಬೇಕು. ಸಂಜೆ ನಾನೇ ಬಂದು ನೋಡ್ತೀನಿ” ಎಂದಿದ್ದರು ಕಾಲೇಜಿನ ಅರ್ಚನ ಮೇಡಂ.

ಬೂದಿಕೋಟೆ ಬಸ್ ಸ್ಟ್ಯಾಂಡಿನ ಹಿಂದೆ ಮೆಟ್ಟಿಲಿಳಿದರೆ ಕುಡಿಯುವ ನೀರಿನ ನಲ್ಲಿ. ಅತ್ತ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಪಾಪ, ಜನಕ್ಕೆ ದಾರಿ ಗೊತ್ತಿಲ್ಲ ಎಂದು ನವನೀತನ ಕರುಳು ಚುರ್ ಎಂದಿತು. ನೀಲಿ ಬಣ್ಣದಲ್ಲಿ ಒಂದು ಹನಿ, ಅದರಡಿಯಲ್ಲಿ ಕೆಳಮುಖವಾದ ಬಾಣ ಬರೆದ. ಕೆಳಗಿಳಿದು ಹೋಗಿ, ನೀರಿದೆ ಎಂದು ಅರ್ಥ. ಬೆಳಿಗ್ಗೆಯೇ ಹೋಗಿ ಮೆಟ್ಟಿಲ ಪಕ್ಕ ಗೂಟ ನೆಟ್ಟು, ಫಲಕ ಕಟ್ಟಿ, ಕೈಕಟ್ಟಿ ನಿಂತ.

ಮೊದಲು ಬಂದವರು ಸೀಬೆಹಣ್ಣು ಮಾರುವ ವೆಂಕಟಲಕ್ಷ್ಮಮ್ಮ. ಫಲಕ ನೋಡಿದರು, ನೆಲ ನೋಡಿದರು, ನವನೀತನ ಮುಖ ನೋಡಿದರು.

“ಏನಪ್ಪಾ, ಬೋರ್‌ವೆಲ್ ಪಾಯಿಂಟಾ?”

ಆ ಸೀಮೆಯಲ್ಲಿ ಬೋರ್‌ವೆಲ್ಲಿಗೆ ಜಾಗ ತೋರಿಸುವವನಿಗೆ ಹೊಸ ಅಳಿಯನಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ. ನವನೀತ ತುಟಿ ಬಿಗಿಹಿಡಿದು ಕಣ್ಣು ಮಾತ್ರ ಹೊರಳಿಸಿದ.

“ಅಯ್ಯೋ ದೇವುಡಾ, ಮೌನ ಇಡ್ದವ್ನೆ! ಮುನಿಸ್ವಾಮಣ್ಣಾ, ಬಿರ್ನೆ ಬಾ!”

ಹಾಲಿನ ಡೇರಿಯ ಮುನಿಸ್ವಾಮಪ್ಪ ಕ್ಯಾನು ಅಲ್ಲೇ ಬಿಟ್ಟು ಓಡಿಬಂದರು. “ಎಷ್ಟು ಅಡಿಗೆ ಸಿಗ್ತದೆ ಸ್ವಾಮಿ?”

ಹಾಗಲ್ಲ, ಹಾಗಲ್ಲ ಎಂದು ನವನೀತ ಎರಡೂ ಕೈಯೆತ್ತಿ ಹತ್ತೂ ಬೆರಳು ಆಡಿಸಿದ.

“ಅತ್ತು ಅಡಿ!” ಮುನಿಸ್ವಾಮಪ್ಪ ಕೂಗಿದರು. “ನಮ್ಮ ಒಲದಾಗೆ ಸಾವಿರದೈನೂರು ಅಡಿ ಕೊರುದ್ರೂ ಬರೀ ಧೂಳು ಬಂತು. ಇಲ್ಲಿ ಅತ್ತೇ ಅಡಿಗಂತೆ!”

ಸುದ್ದಿ ಕ್ಷಣದಲ್ಲಿ ಊರೆಲ್ಲ ಹರಡಿತು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನೀರು ನೋಡುವ ಬೈರಪ್ಪ, ಎದುರಾಳಿಯನ್ನು ಪರೀಕ್ಷಿಸಲೆಂದೇ ಬಂದ. ಫಲಕದ ಬುಡಕ್ಕೆ ಬರುತ್ತಲೇ ಕಾಯಿ ಸೆಟೆದು ನಿಂತಿತು. ಬೈರಪ್ಪ ಅಲ್ಲೇ ಕೈಮುಗಿದ. “ನನಗಿಂತ ದೊಡ್ಡೋನು ಕಣ್ರಲಾ!”

ಇನ್ನು ಹೇಳುವುದೇನಿದೆ? ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿ ಈ ಕಡೆ ತಿರುಗಿತು. ನವನೀತ ಎರಡೂ ತೋಳು ಚಾಚಿ ಅಡ್ಡ ನಿಂತ. ಸ್ವಾಮಿಯೋರು ದಿಗ್ಬಂಧನ ಹಾಕುತ್ತಿದ್ದಾರೆಂದು ಜನ ಹಿಂದೆ ಸರಿದು, ಮುಗಿಯಿತೆಂದು ತಾವೇ ತೀರ್ಮಾನಿಸಿ, ಅವನನ್ನು ಗೌರವದಿಂದ ಎತ್ತಿ ಪಕ್ಕಕ್ಕಿಟ್ಟರು.

ಮೂರನೇ ಸಲ ನೆಲ ಕೆರೆಯುವಷ್ಟರಲ್ಲಿ ನೀರು ಬುಸ್ಸೆಂದು ಎದ್ದಿತು. ಜನ ಕುಣಿದರು. ಅಷ್ಟರಲ್ಲಿ ಪಂಚಾಯ್ತಿಯ ವಾಟರ್‌ಮನ್ ಸೀನಪ್ಪ, “ಅದು ನಮ್ಮ ಪೈಪು ಕಣ್ರಲಾ!” ಎಂದು ಕೂಗುತ್ತ ಓಡಿಬಂದ. ಇನ್ನು ಒದೆ ಗ್ಯಾರಂಟಿ ಎಂದು ನವನೀತ ಕಣ್ಣು ಮುಚ್ಚಿದ.

ಸೀನಪ್ಪ ಗುಂಡಿಯೊಳಗೆ ಬಗ್ಗಿ ನೋಡಿದ. ಎದ್ದು ಬಂದು ನವನೀತನನ್ನು ತಬ್ಬಿಕೊಂಡ.

“ವರ್ಸದಿಂದ ಉಡುಕ್ತಿದ್ದೆ ಕಣಪ್ಪಾ ಈ ಲೀಕ್ನ! ಇಲ್ಲಿ ಸೋರಿಸೋರಿ ಆ ನಲ್ಲಿಗೆ ಒಂದು ತೊಟ್ಟೂ ಬತ್ತಿರಲಿಲ್ಲ!”

ನವನೀತ ಹಣೆ ಚಚ್ಚಿಕೊಂಡ. ಮೆಟ್ಟಿಲು ಅಳೆದಿದ್ದ, ಬಣ್ಣ ಆರಿಸಿದ್ದ, ಬಾಣದ ಮೂತಿ ತಿದ್ದಿತೀಡಿದ್ದ. ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೈಪು ಸರಿಹೋಗಿ ನಲ್ಲಿಯಲ್ಲಿ ನೀರು ಬಂತು. ವೆಂಕಟಲಕ್ಷ್ಮಮ್ಮ ಮೊದಲ ಚೊಂಬು ತಂದು ನವನೀತನ ಕೈಗಿಟ್ಟರು. “ನೀನು ಕುಡಿ ಮಗಾ. ದಿನಾ ದೂರದಿಂದ ಬಿಂದಿಗೆ ಒತ್ತು ಸೊಂಟ ಬಿದ್ದೋಗಿತ್ತು. ನಿನ್ನ ಒಟ್ಟೆ ತಣ್ಣಗಿರ್ಲಿ.” ಅವನ ಕಣ್ಣು ತುಂಬಿತು. ಇಷ್ಟು ವರ್ಷ ಗೀಚಿದ್ದಕ್ಕೆ ಒಬ್ಬರಾದರೂ ಹೀಗೆ ಹರಸಿದ್ದುಂಟೇ? ಬೂದಿಕೋಟೆಯ ಋಣ ತೀರಿಸಲಾಗದ್ದು ಎಂದು ಮನಸ್ಸಿನಲ್ಲೇ ಕೈಮುಗಿದ.

ಸಂಜೆ ಬಸ್ಸಿಳಿದ ಅರ್ಚನ ಮೇಡಂಗೆ ಕಂಡದ್ದು ನಲ್ಲಿಯ ಮುಂದೆ ಸಾಲುಗಟ್ಟಿದ ಜನ. ಮೇಡಂ ಮುಖ ಅರಳಿತು.

“ಭೇಷ್! ಚಿಹ್ನೆ ಎಲ್ಲಿ?”

ನವನೀತ ಬೆರಳು ತೋರಿಸಿದ. ಫಲಕಕ್ಕೆ ಅರಿಸಿನ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಕಟ್ಟಿದ್ದರು. ಹನಿಯೂ ಕಾಣದು, ಬಾಣವೂ ಕಾಣದು.

“ಇದು ಕಾಣಿಸದೇನೇ ಜನ ನೀರಿಗೆ ಬಂದಿದ್ದಾರೆ. ಅಂದಮೇಲೆ ಬೋರ್ಡ್ ಯಾಕಪ್ಪಾ ಬೇಕಿತ್ತು?” ಎಂದು ಮೇಡಂ ನಿಟ್ಟುಸಿರಿಟ್ಟರು. “ಫೇಲ್.”

ಊರವರು ಬುಟ್ಟಿ ತುಂಬ ಸೀಬೆಹಣ್ಣು ಕೊಟ್ಟು, ಬೆಳಗಿನಿಂದ ನಡೆದದ್ದನ್ನೆಲ್ಲ ಮೇಡಂಗೆ ವರ್ಣಿಸಿ, ಇಬ್ಬರನ್ನೂ ಬಂಗಾರಪೇಟೆ ಬಸ್ಸು ಹತ್ತಿಸಿದರು. ನವನೀತ ಬುಟ್ಟಿ ತಬ್ಬಿಕೊಂಡು ಕೂತ. ಒಂದು ವರ್ಷ ಹೋಗಿತ್ತು, ಆದರೂ ಹೊಟ್ಟೆ ತಣ್ಣಗೇ ಇತ್ತು.

ಸ್ವಲ್ಪ ದೂರ ಹೋದಮೇಲೆ ಮೇಡಂ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನವನೀತ್, ನಮ್ಮನೆ ಪೈಪೂ ಎಲ್ಲೋ ಸೋರ್ತಾ ಇದೆ. ಭಾನುವಾರ ಆ ಬೋರ್ಡ್ ತಗೊಂಡು ಬರ್ತೀಯಾ?”

“ಮೇಡಂ, ನಾನು ನಿಜವಾಗಿ...”

“ಶ್!” ಮೇಡಂ ಬೆರಳು ತುಟಿಗಿಟ್ಟರು. “ನೀನು ಬಾಯಿ ಬಿಟ್ಟರೆ ಸಿಗಲ್ಲವಂತೆ.”