ಮಾವನವರಿಗೊಂದು ನರ್ಸಿಂಗ್ ಹೋಂ

ಆರಿಸುವ ವಿಷಯದಲ್ಲಿ ನಾನು ಹುಟ್ಟಾ ದಡ್ಡ. ಮಾರ್ಕೆಟ್ಟಿನಲ್ಲಿ ನಾನು ಹೆಕ್ಕಿ ತಂದ ಬದನೆಕಾಯಿಯಲ್ಲಿ ಹುಳು ಇಲ್ಲದ್ದು ಸಿಕ್ಕರೆ ನಮ್ಮ ಮನೆಯಲ್ಲಿ ಅದು ಸುದ್ದಿ. ಹೆಣ್ಣು ನೋಡಲು ಹೋದದ್ದು ಜೀವಮಾನದಲ್ಲಿ ಒಂದೇ ಸಲ, ಗುಬ್ಬಿಗೆ. ಅವರು ಕೊಟ್ಟ ಉಪ್ಪಿಟ್ಟು ನಾನು ತಿಂದು ಮುಗಿಸುವುದರೊಳಗೆ ಎರಡೂ ಕಡೆಯ ಹಿರಿಯರು ಛತ್ರದ ವಿಚಾರ ಮಾತಾಡುತ್ತಿದ್ದರು. ಆಯ್ಕೆ ಚೆನ್ನಾಗಿಯೇ ಆಯಿತು; ಆದರೆ ಅದು ನನ್ನದಲ್ಲವೆಂದು ನನ್ನ ಹೆಂಡತಿ ಗಿರಿಜಾ ಆಗಾಗ ಜ್ಞಾಪಿಸುತ್ತಾಳೆ. ಇಂಥವನ ಕೊರಳಿಗೆ ತುಮಕೂರಿನ ನರ್ಸಿಂಗ್ ಹೋಂಗಳನ್ನು ನೋಡಿ, ತೂಗಿ, ಒಂದನ್ನು ಗೊತ್ತು ಮಾಡುವ ಕೆಲಸ ಬಂದು ಬಿತ್ತು. ಬದನೆಕಾಯನ್ನಾದರೂ ಒತ್ತಿ ನೋಡಬಹುದು. ನರ್ಸಿಂಗ್ ಹೋಮನ್ನು ಎಲ್ಲಿ ಅಂತ ಒತ್ತುವುದು?

ಬೇಕಾಗಿದ್ದುದು ನನ್ನ ಮಾವ ನಂಜುಂಡಪ್ಪನವರಿಗೆ. ಅವರು ನಿವೃತ್ತ ಹೆಡ್ ಮಾಸ್ಟರು. ಅರ್ಧ ಸರ್ವೀಸು ಗುಬ್ಬಿಯಲ್ಲಿ, ಅರ್ಧ ಕುಣಿಗಲ್ಲಿನಲ್ಲಿ ಕಳೆದು, ಎರಡು ತಾಲ್ಲೂಕಿನ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷದ ಯುಗಾದಿಗೆ ನಮ್ಮ ಅತ್ತೆಯ ಜೊತೆ ತುಮಕೂರಿನ ಸದಾಶಿವನಗರದ ನಮ್ಮ ಬಾಡಿಗೆ ಮನೆಗೆ ಬಂದವರು, ಕುರ್ಚಿ ಎಳೆದು ಹಾಕಿದರೆ ಕೂರಲಿಲ್ಲ. ನಿಂತೇ ಪೇಪರು ಓದಿದರು. ನಿಂತೇ ಕಾಫಿ ಕುಡಿದರು. "ಕೂತ್ಕೊಳ್ಳಿ ಮಾವ" ಅಂದರೆ, "ಬಸ್ಸಲ್ಲಿ ಕೂತೂ ಕೂತೂ ಸಾಕಾಗೈತೆ" ಅಂದರು. ಗುಬ್ಬಿಯಿಂದ ತುಮಕೂರಿನದು ಒಂದು ಒಳ್ಳೆಯ ನಿದ್ದೆಗೂ ಸಾಲದ ದಾರಿ. ಮಾವನವರು ನಿಂತಿದ್ದಾರೆಂದು ನಾನೂ ನಿಂತೆ. ನಾವಿಬ್ಬರೂ ಆ ಹಬ್ಬವನ್ನು ಬಸ್ ಸ್ಟ್ಯಾಂಡಿನಲ್ಲಿ ಆಚರಿಸಿದಂತೆ ಆಚರಿಸಿದೆವು.

ಮಾರನೆಯ ಬೆಳಗ್ಗೆ ಅವರು ಬಚ್ಚಲಮನೆಯ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಆಗ ನಮ್ಮ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಯಿಬಿಟ್ಟರು. "ಎರಡು ವರ್ಷದಿಂದ ಮೂಲವ್ಯಾಧಿ ಕಣಪ್ಪ. ರಕ್ತ ಹೋಗ್ತಾನೇ ಐತೆ. ಯಾರ್ಗೂ ಹೇಳ್ಬಾರ್ದು ಅಂತ ನನ್ ಕೈಲಿ ಆಣೆ ಇಡಿಸ್ಕೊಂಡವ್ರೆ." ನಮ್ಮ ಬೀದಿಯ ಡಾಕ್ಟರು ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಉಳಿದಿಲ್ಲ, ಬೇಗ ಆಪರೇಷನ್ ಮಾಡಿಸದಿದ್ದರೆ ಜೀವಕ್ಕೇ ಕಷ್ಟ ಎಂದು ಹೇಳಿ ಹೋದರು.

ಮಾವನವರು ಒಪ್ಪಿದರು. ಆದರೆ ಒಂದು ಷರತ್ತು: ಯಾರಿಗೂ ಗೊತ್ತಾಗಕೂಡದು. "ಹೆಡ್ ಮೇಷ್ಟ್ರಿಗೆ ಮೂಲವ್ಯಾಧಿ ಅಂತ ಸಂತೇಲಿ ಮಾತಾಡ್ಕೊಳ್ಳಲ್ವಾ ಅಳಿಯಂದ್ರೆ? ಹಾರ್ಟಿಂದಾಗಿದ್ರೆ ಧೈರ್ಯವಾಗಿ ಹೇಳ್ಕೋಬೋದಿತ್ತು." ಅವರು ಹೇಳಿದ್ದರಲ್ಲೂ ಸತ್ಯವಿತ್ತು. ಕಾಯಿಲೆಗಳಲ್ಲೂ ಮೇಲು ಕೀಳು ಇದೆ. ಸಕ್ಕರೆ ಕಾಯಿಲೆಯವರು ಮದುವೆಮನೆಯಲ್ಲಿ ಜಹಾಂಗೀರು ಬೇಡವೆನ್ನುವಾಗ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾರೆ. ಬಿ.ಪಿ. ಇದ್ದವರಿಗೆ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಮೂಲವ್ಯಾಧಿಗೆ ಮಾತ್ರ ಈ ಲೋಕದಲ್ಲಿ ಒಂದು ಮರ್ಯಾದೆಯ ಪೀಠವಿಲ್ಲ. ಇದ್ದರೂ ರೋಗಿ ಅದರ ಮೇಲೆ ಕೂರಲಾರ.

ಸರ್ಕಾರಿ ಆಸ್ಪತ್ರೆಯಲ್ಲಿ ಒಳ್ಳೊಳ್ಳೆಯ ಡಾಕ್ಟರುಗಳಿದ್ದಾರೆ ಎಂದೆ. "ಜನರಲ್ ವಾರ್ಡಲ್ಲಿ ಅರ್ಧ ಗುಬ್ಬಿ ಮಲ್ಗಿರ್ತದೆ" ಅಂದರು. ಹಾಗಾದರೆ ಬೆಂಗಳೂರಿಗೆ ಹೋಗೋಣ ಎಂದೆ. "ಅಲ್ಲಿ ನನ್ನ ಕೇಳೋರು ಯಾರವ್ರೆ?" ಅಂದರು. ಗುರುತಿನವರು ಇರಲೂಬಾರದು, ವಿಚಾರಿಸುವವರು ಇರಲೇಬೇಕು. ಇಂಥ ಒಂದು ನರ್ಸಿಂಗ್ ಹೋಮನ್ನು ಹುಡುಕಿಕೊಂಡು, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಸೈಕಲ್ ತುಳಿಯುತ್ತ ನಾನು ಹೊರಟೆ.

ಮೊದಲನೆಯದು ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿ. ಗಿರಣಿ ಶುರುವಾದರೆ ಮೇಲೆ ಮಂಚಗಳು ಸಣ್ಣಗೆ ನಡುಗುತ್ತಿದ್ದವು. ಗೋಡೆಗೆ ತೂಗುಹಾಕಿದ್ದ ದೇವರ ಫೋಟೋ ಕೂಡ ತಲೆ ಅಲ್ಲಾಡಿಸುತ್ತಿತ್ತು. ಮೂಲವ್ಯಾಧಿಯ ಆಪರೇಷನ್ ಇಲ್ಲಿ ಹೇಗೆ ಮಾಡುತ್ತಾರೆ ಎಂದು ಕಾಂಪೌಂಡರನ್ನು ಮೆಲ್ಲಗೆ ಕೇಳಿದೆ.

"ಯಾರ್ಗೆ ಸಾರ್?"

"ನಮ್ಮ ಕಡೆಯವರೊಬ್ಬರಿಗೆ."

ಅವನು ಅತ್ಯಂತ ಕರುಣೆಯಿಂದ ನಕ್ಕ. "ಎಲ್ರೂ ಹಂಗೇ ಹೇಳೋದು ಸಾರ್. ನಾಚ್ಕೋಬೇಡಿ, ಒಳಗ್ಬನ್ನಿ. ನಿಧಾನ, ಮೆಟ್ಲಿದೆ." ನಾನು ಎಷ್ಟು ಬಿಡಿಸಿ ಹೇಳಿದರೂ ಅವನು ನನಗೆ ಕುರ್ಚಿ ಕೊಡದೆ ಗೋಡೆಗೆ ಒರಗಿಸಿ ನಿಲ್ಲಿಸಿದ. ಅಂದರೆ ಅವನಿಗೆ ಕೆಲಸ ಗೊತ್ತಿತ್ತು ಎಂದೇ ಹೇಳಬೇಕು.

ಮನೆಗೆ ಬಂದು ವರದಿ ಒಪ್ಪಿಸಿದೆ. ಮಾವನವರು ಮಗ್ಗುಲಾಗಿ ಮಲಗಿಕೊಂಡು, ಉತ್ತರ ಪತ್ರಿಕೆ ತಿದ್ದುವವರ ಗಾಂಭೀರ್ಯದಿಂದ ಕೇಳಿ, "ನೂರಕ್ಕೆ ಮೂವತ್ತು. ಫೇಲು" ಅಂದರು. ಮಂಚ ನಡುಗುವುದಕ್ಕಲ್ಲ. ಹಿಟ್ಟು ಬೀಸಿಸಲು ನಾಲ್ಕು ಊರಿನ ಜನ ಬರುತ್ತಾರೆ, ಗುರುತು ಹಿಡಿಯುತ್ತಾರೆ ಎಂಬುದಕ್ಕೆ.

ಎರಡನೆಯದು ಬಹಳ ಚೊಕ್ಕಟ. ಮೊಸಾಯಿಕ್ ನೆಲ, ಕಿಟಕಿಗೆ ಹಸಿರು ಪರದೆ, ಫಿನಾಯಿಲ್ ವಾಸನೆಯ ಜೊತೆಗೆ ಊದಿನಕಡ್ಡಿಯದೂ ಸೇರಿತ್ತು. ಲೇಡಿ ಡಾಕ್ಟರಮ್ಮ ನಗುನಗುತ್ತಲೇ ಮಾತಾಡಿದರು. ತಾವು ಮಾಡುವುದು ಹೆರಿಗೆ ಮಾತ್ರ. ಇಂಥ ಆಪರೇಷನ್ನಿಗೆ ಭಾನುವಾರ ಬೆಂಗಳೂರಿನಿಂದ ಸರ್ಜನ್ ಬರುತ್ತಾರೆ, ಬಾರದಿದ್ದರೆ ಮುಂದಿನ ಭಾನುವಾರ ಬರುತ್ತಾರೆ ಎಂದರು. ಕಾರಿಡಾರಿನ ಉದ್ದಕ್ಕೂ ಕೂಸುಗಳು ಅಳುತ್ತಿದ್ದವು. ಮನೆಗೆ ಬಂದು ಇದನ್ನು ಹೇಳುತ್ತಿದ್ದಂತೆ ಮಾವನವರು ತಲೆ ಎತ್ತಿದರು. "ಬಾಣಂತಿಯರ ಮಧ್ಯದಲ್ಲಿ ನಾನೇನ್ ಮಾಡ್ಲಿ ಅಳಿಯಂದ್ರೆ? ಬಾಣಂತಿ ಖಾರ ತಿಂದ್ಕೊಂಡು ಮಲ್ಗಿರ್ಲಾ?"

ಮೂರನೆಯ ಕಡೆ ಒಳಗೆ ಕಾಲಿಡುವಾಗಲೇ ಡಾಕ್ಟರು ಯಾರಿಗೋ ಬೈಯುತ್ತಿದ್ದುದು ಕೇಳಿಸಿತು. ನಾನು ಅವರ ಕೋಣೆಗೆ ಹೋಗದೆ ವಾರ್ಡಿಗೆ ನುಸುಳಿದೆ. ಅಲ್ಲಿ ಒಬ್ಬಾತ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಇಡ್ಲಿ ತಿನ್ನುತ್ತಿದ್ದ. ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರಂತೆ. ಏನು ಕಾಯಿಲೆ ಎಂದು ಕೇಳಿದರೆ, ಹೋದ ವಾರ ಆಪರೇಷನ್ ಆದದ್ದು ಅದೇ ಮೂಲವ್ಯಾಧಿಗೆ! ನನಗೆ ರೋಮಾಂಚನವಾಯಿತು. ಆ ಮನುಷ್ಯ ಕೂತಿದ್ದ. ನಮ್ಮ ಮನೆಯಲ್ಲಿ ಯಾರೂ ಕೂತು ದಿನಗಳಾಗಿದ್ದವು.

"ಡಾಕ್ಟ್ರು ಹೆಂಗಪ್ಪ?" ಎಂದೆ.

"ಕೈ ಬಂಗಾರ ಸಾ. ಬಾಯಿ ಮಾತ್ರ ಆ ಶಿವನಿಗೇ ಪ್ರೀತಿ."

ಓಡಿ ಬಂದು ಹೇಳಿದೆ. ಮಾವನವರು ಗೋಡೆಯ ಕಡೆ ಹೊರಳಿದರು. "ಬೈಯೋ ಡಾಕ್ಟ್ರು ಬ್ಯಾಡ. ಈ ವಯಸ್ಸಲ್ಲಿ ನಾನ್ಯಾರ ಹತ್ರಾನೂ ಬೈಸ್ಕಳಲ್ಲ. ಬ್ಯಾರೆ ನೋಡಿ."

ಇಷ್ಟರಲ್ಲಿ ನನ್ನ ಮಾನ ಆಫೀಸಿನಲ್ಲಿ ಹರಾಜಾಗಿತ್ತು. ನಾನು ಗಿರಣಿಯ ಮೆಟ್ಟಿಲಿಳಿದದ್ದನ್ನೂ, ಆ ಕಾಂಪೌಂಡರು ನನ್ನ ರಟ್ಟೆ ಹಿಡಿದು ಇಳಿಸಿದ್ದನ್ನೂ ನನ್ನ ಪಕ್ಕದ ಮೇಜಿನ ಪರಮೇಶಿ ನೋಡಿ, ಏನು ಕಾಯಿಲೆಯೆಂದು ಅವನನ್ನೇ ಕೇಳಿ ತಿಳಿದುಕೊಂಡಿದ್ದ. ಒಂದು ಬೆಳಗ್ಗೆ ಹೋಗುತ್ತೇನೆ, ನನ್ನ ಕುರ್ಚಿಯ ಮೇಲೆ ಮೆತ್ತನೆಯ ದಿಂಬು! "ಮುಂಚೆನೇ ಹೇಳೋದಲ್ವೇನಯ್ಯ? ನಮ್ಮಣ್ಣಂಗೂ ಇತ್ತು ಕಣೋ. ಮಜ್ಜಿಗೆ ಕುಡಿ, ಖಾರ ಬುಟ್ಬುಡು" ಎಂದ. ನನಗಲ್ಲ ಎಂದರೆ, ಮತ್ತೆ ಯಾರಿಗೆ ಎನ್ನುತ್ತಾನೆ. ಯಾರಿಗೆಂದು ಹೇಳುವಂತಿಲ್ಲ. ದಿಂಬಿನ ಮೇಲೆ ಕೂತೆ. ಸಾಹೇಬರು ತಾವಾಗಿಯೇ ಕರೆದು, "ಫೈಲ್ ತಗೊಂಡು ಓಡಾಡೋ ಕೆಲ್ಸ ಬೇಡ ಬಿಡ್ರಿ" ಅಂದರು. ಸುದ್ದಿ ಕಿವಿಗೆ ಬಿದ್ದು ನಮ್ಮ ಮನೆಯ ಮಾಲೀಕರ ಹೆಂಡತಿ, ಮೂಲವ್ಯಾಧಿಗೆ ಒಳ್ಳೆಯದೆಂದು ಒಂದು ಡಬರಿಯ ತುಂಬ ಸುವರ್ಣಗೆಡ್ಡೆಯ ಪಲ್ಯ ಕಳಿಸಿದರು. ಗಿರಿಜಾ ಅದನ್ನು ಬಡಿಸುವಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಪ್ಪನ ಚಿಂತೆಯ ಅಳುವೋ, ಗಂಡನ ಸ್ಥಿತಿ ನೋಡಿದ ನಗುವೋ ನನಗೆ ತಿಳಿಯಲಿಲ್ಲ. ಪಲ್ಯವನ್ನು ನಾನೂ ಮಾವನವರೂ ನಿಂತುಕೊಂಡು ತಿಂದೆವು.

ನಾಲ್ಕನೆಯದನ್ನು ನೋಡಿಬರಲು ನಾನು ಸೈಕಲ್ ತೆಗೆಯುತ್ತಿದ್ದೆ. ಒಳಗೆ ಧೊಪ್ಪೆಂದು ಶಬ್ದ. ಮಾವನವರು ನಿಂತಲ್ಲೇ ಬಿದ್ದಿದ್ದರು. ಮುಖ ಸುಣ್ಣದ ಹಾಗೆ ಬಿಳುಚಿತ್ತು. ಎಚ್ಚರ ಬಂದ ಮೇಲೆ, "ಸ್ವಲ್ಪ ತಡೀರಿ, ಆ ನಾಲ್ಕನೇದೂ ನೋಡ್ಬುಡೋಣ" ಅಂದರು. ಅದುವರೆಗೆ ಅಪ್ಪನ ಎದುರು ದನಿ ಎತ್ತದ ಗಿರಿಜಾ, "ಅಪ್ಪಾ, ನಿಮ್ಗೆ ನೂರಕ್ಕೆ ನೂರು ತೆಗ್ದಿರೋ ನರ್ಸಿಂಗ್ ಹೋಂ ಬೇಕೋ, ಜೀವ ಬೇಕೋ?" ಎಂದು ಕಿರುಚಿ, ಬೀದಿಗೆ ಓಡಿಹೋಗಿ ಆಟೋ ನಿಲ್ಲಿಸಿದಳು. ಆಟೋದಲ್ಲಿ ಅವರು ನನ್ನ ಭುಜಕ್ಕೆ ಜೋತುಬಿದ್ದು ಅರ್ಧ ಕೂತು ಅರ್ಧ ನಿಂತು ಬಂದರು. ಯಾವ ಕಡೆಗೆ ಎಂದು ಆಟೋದವನು ಕೇಳಿದ. ಇಷ್ಟು ದಿನದ ತೂಕ, ಅಳತೆ ಎಲ್ಲ ಮರೆತು, "ಆ ಬೈಯೋ ಡಾಕ್ಟ್ರ ಹತ್ರ" ಎಂದೆ. ಅವನು ಮರುಮಾತಿಲ್ಲದೆ ಸರಿಯಾದ ಬಾಗಿಲಿಗೇ ತಂದು ನಿಲ್ಲಿಸಿದ.

ಡಾಕ್ಟರು ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದರು. "ಎಷ್ಟು ದಿನದಿಂದ?"

"ಎರಡು ವರ್ಷ."

"ಏನ್ ಕೆಲ್ಸದಲ್ಲಿದ್ರಿ?"

"ಹೆಡ್ ಮಾಸ್ಟರು."

"ಹುಡುಗ ಎರಡು ದಿನ ಸ್ಕೂಲಿಗೆ ಬರ್ಲಿಲ್ಲ ಅಂದ್ರೆ ಏನ್ ಮಾಡ್ತಿದ್ರಿ?"

ಮಾವನವರು ಸಣ್ಣ ದನಿಯಲ್ಲಿ, "ಬೆಂಚಿನ್ ಮೇಲೆ ನಿಲ್ಲಿಸ್ತಿದ್ದೆ" ಅಂದರು.

"ನೀವು ಎರಡು ವರ್ಷ ಬಂದಿಲ್ಲ. ನಿಮ್ಮನ್ನೇನ್ ಮಾಡ್ಲಿ ಹೇಳ್ರಿ?"

ಮಾವನವರು ತಲೆ ತಗ್ಗಿಸಿ, "ತಪ್ಪಾಯ್ತು ಸಾರ್" ಅಂದರು. ಅವರ ಬಾಯಿಂದ ಆ ಮಾತನ್ನು ನಮ್ಮ ಅತ್ತೆ ಕೂಡ ಮೊದಲ ಸಲ ಕೇಳಿದ್ದಂತೆ.

ರಕ್ತ ಬೇಕಾಯಿತು. ನನ್ನದು ಹೊಂದಿತು, ಕೊಟ್ಟೆ. ಅದೊಂದು ಪರೀಕ್ಷೆಯಲ್ಲಿ ನಾನು ಪಾಸಾದದ್ದು. ಥಿಯೇಟರಿಗೆ ಕರೆದುಕೊಂಡು ಹೋಗುವ ಮುಂಚೆ ಮಾವನವರು ನನ್ನೊಬ್ಬನನ್ನೇ ಹತ್ತಿರ ಕರೆದು ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. "ಅಳಿಯಂದ್ರೆ, ಮಾನ ಮರ್ಯಾದೆ ಅಂತ ನಾನಂದಿದ್ದೆಲ್ಲ ಬರೀ ನೆಪ. ನಂಗೆ ಕುಯ್ಯೋದು ಅಂದ್ರೆ ಭಯ. ಗಿರಿಜಾಗೆ ಹೇಳ್ಬೇಡಿ." ಅಷ್ಟು ದಿನವೂ ಅವರ ಮೇಲೆ ಹಲ್ಲು ಕಡಿದುಕೊಂಡು ಓಡಾಡಿದ್ದ ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಧೈರ್ಯ ಹೇಳುವುದು ನನಗೆ ಬರುವುದಿಲ್ಲ. ತೋಚಿದ್ದನ್ನು ಹೇಳಿದೆ: "ಮಾವ, ಆ ಫಿಟ್ಟರ್ ಕೂತಿದ್ದ. ಚಕ್ಕಳಮಕ್ಕಳ ಹಾಕ್ಕೊಂಡು ಇಡ್ಲಿ ತಿಂತಿದ್ದ."

"ನಿಜವಾಗ್ಲೂ?"

"ನಾನೇ ಕಣ್ಣಾರೆ ನೋಡ್ದೆ ಮಾವ."

ಅವರು ನನ್ನ ಕೈ ಬಿಟ್ಟು ಒಳಗೆ ಹೋದರು.

ಆಪರೇಷನ್ ಸಲೀಸಾಗಿ ಆಯಿತು. ಕೆಲವು ದಿನಗಳಲ್ಲಿ ಅವರೂ ಮಂಚದ ಮೇಲೆ ಕೂತು ಇಡ್ಲಿ ತಿಂದರು. ಕೂತದ್ದೇ ತಡ, ಮನುಷ್ಯ ಬದಲಾಗಿಬಿಟ್ಟರು. ಅಲ್ಲಿನ ಸಿಸ್ಟರು ಕುಣಿಗಲ್ಲಿನಲ್ಲಿ ಅವರ ಕೈಕೆಳಗೆ ಓದಿದವಳು. "ಮೇಷ್ಟ್ರೇ, ನೀವು!" ಎಂದು ಆಕೆ ಬಾಯಿಬಿಟ್ಟಾಗ ನಾನು ಹೌಹಾರಿದೆ. ಮಾವನವರು ಮಾತ್ರ ಹೆಮ್ಮೆಯಿಂದ ತಮ್ಮ ಕಾಯಿಲೆಯ ಕಥೆಯನ್ನು ಅಥದಿಂದ ಇತಿಯವರೆಗೆ ಆಕೆಗೇ ಹೇಳಿದರು. ಆಮೇಲೆ ಹಳೆಯ ಶಿಷ್ಯರು ಕಿತ್ತಳೆಹಣ್ಣು ಹಿಡಿದುಕೊಂಡು ಸಾಲುಗಟ್ಟಿ ಬಂದರು, ಪ್ರತಿಯೊಬ್ಬರಿಗೂ ಹೇಳಿದರು. ಗುಬ್ಬಿಗೆ ಹಿಂದಿರುಗಿದ ಮೇಲಂತೂ ಸುತ್ತಮುತ್ತ ಯಾರಿಗೆ ಯಾವ ಆಪರೇಷನ್ ಆಗಬೇಕಾದರೂ ಜನ ಅವರ ಸಲಹೆ ಕೇಳತೊಡಗಿದರು. "ತುಮಕೂರಲ್ಲಿ ಎಲ್ಲಾನೂ ಜಾಲಾಡಿ, ಮಾರ್ಕ್ಸ್ ಹಾಕಿ, ನಾನೇ ಆರಿಸ್ದೆ ಕಣ್ರಪ್ಪ" ಎನ್ನುತ್ತಿದ್ದರು. ಸೈಕಲ್ ತುಳಿದವನ ಹೆಸರು ಆ ಕಥೆಯಲ್ಲಿ ಎಲ್ಲೂ ಬರಲಿಲ್ಲ.

ಇನ್ನಾದರೂ ನನ್ನ ಹೆಸರು ಚೊಕ್ಕಟವಾಯಿತಲ್ಲ ಎಂದುಕೊಂಡು ಪರಮೇಶಿಗೆ ನಿಜ ಸಂಗತಿ ಹೇಳಿದೆ. ಅವನು ಗಾಬರಿಯಿಂದ, "ಅಯ್ಯೋ, ಅವರ್ಗೂ ಬಂತಾ? ನಿನ್ನಿಂದ್ಲೇ ಅಂಟ್ಕೊಂಡಿರ್ಬೇಕು ಕಣೋ, ಒಂದೇ ಮನೇಲಿದ್ರಿ" ಎಂದ.

ಮುಂದಿನ ಮಾಘದಲ್ಲಿ ಕೊತ್ತಗೆರೆಯಲ್ಲಿ ನಮ್ಮ ಅತ್ತೆಯ ತಂಗಿಯ ಮಗನ ಮದುವೆ. ಊಟದ ಪಂಕ್ತಿಯಲ್ಲಿ ಮಾವನವರು ಚಾಪೆಯ ಮೇಲೆ ರಾಜನಂತೆ ಕೂತಿದ್ದರು. ಎದುರು ಸಾಲಿನಲ್ಲಿ ನಾನು ಕಾಲು ಜೋಮು ಹಿಡಿದು ಸ್ವಲ್ಪ ಮಿಸುಕಾಡಿದೆ. ಅಷ್ಟೇ. ಇಡೀ ಚಪ್ಪರಕ್ಕೆ ಕೇಳುವಂತೆ, ಶುದ್ಧ ಅಂತಃಕರಣದಿಂದ ಅವರು ಕೂಗಿದರು: "ಅಳಿಯಂದ್ರೆ, ನೀವೂ ಒಂದ್ಸಲ ತೋರಿಸ್ಕೊಂಬುಡಿ. ಇದ್ರಲ್ಲೆಲ್ಲ ನಾಚ್ಕೋಬಾರ್ದು!"

ಪಂಕ್ತಿಯಲ್ಲಿದ್ದವರೆಲ್ಲ ಊಟ ನಿಲ್ಲಿಸಿ ನನ್ನನ್ನು ನೋಡಿದರು. ಬಿಸಿಬಿಸಿ ಮೆಣಸಿನಕಾಯಿ ಬಜ್ಜಿಯ ಕುಕ್ಕೆ ಹಿಡಿದು ಬರುತ್ತಿದ್ದ ಬಡಿಸುವವನು ನನ್ನ ಎಲೆಯ ಮುಂದೆ ಒಂದು ಕ್ಷಣ ನಿಂತ. ಅನುಕಂಪದಿಂದ ನನ್ನ ಮುಖ ನೋಡಿದ. ಆಮೇಲೆ ಕುಕ್ಕೆಯನ್ನು ಎತ್ತಿಕೊಂಡು ಪಕ್ಕದ ಎಲೆಗೆ ಹೋದ.