ಫ್ರಿಜ್ಜಿನ ಬಾಗಿಲು ಕಾದ ಫೋನು

ಗಂಡನನ್ನು ನಂಬುವುದು ಬೇರೆ, ಸಿಹಿತಿಂಡಿಯ ವಿಷಯದಲ್ಲಿ ಗಂಡನನ್ನು ನಂಬುವುದು ಬೇರೆ. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು ಎಂಬ ಜಂಬದಿಂದಲೇ ನಾನು ಕೆಟ್ಟೆ. ನಮ್ಮ ಯಜಮಾನರು ಬಿಟ್ಟಂಗಾಲದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ನಿವೃತ್ತರಾದ ಮೇಲೆ, ನಾನು ಶಾಲೆಯಲ್ಲಿ ಪಾಠ ಮಾಡುವ ಹೊತ್ತಿಗೆ, ಕುಶಾಲನಗರದ ಮನೆಯಲ್ಲಿ ಅವರೂ ಫ್ರಿಜ್ಜೂ ಇಬ್ಬರೇ. ಅವರ ಸಕ್ಕರೆ ಕಾಯಿಲೆ ಹಳೆಯದು. ಹೋದ ಮಳೆಗಾಲದಲ್ಲಿ ಕಾಲ್ಬೆರಳಿನ ಗಾಯ ಮಾಯದೇ ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೀಗೇ ಆದರೆ ಬೆರಳು ಉಳಿಯುವುದಿಲ್ಲ ಎಂದರು. ಅದೇ ವಾರ ಪಕ್ಕದ ಮನೆಯ ಲೀಲಕ್ಕನ ಹಸು ಕರು ಹಾಕಬೇಕೇ! ಅವರು ಕೊಟ್ಟ ಡಬ್ಬಿ ತುಂಬ ಗಿಣ್ಣು, ನಾನು ಸಂಜೆ ಬರುವಷ್ಟರಲ್ಲಿ ಅರ್ಧವಾಗಿತ್ತು. ಕೇಳಿದರೆ, ತಣ್ಣಗಾಗಿ ಕುಗ್ಗಿರಬೇಕು ಎಂದರು.

ಹೆದರಿಕೆಯಿಂದಲೋ ಸಿಟ್ಟಿನಿಂದಲೋ ಮೊಬೈಲ್ ಅಂಗಡಿಗೆ ಹೋಗಿ ಬೆಂಕಿಪೊಟ್ಟಣದಷ್ಟು ಪುಟ್ಟ ಸೆನ್ಸರ್ ತಂದು ಫ್ರಿಜ್ಜಿಗೆ ಅಂಟಿಸಿದೆ. ತಂತಿ ಇಲ್ಲ, ಗಿಂತಿ ಇಲ್ಲ. ಬಾಗಿಲು ತೆರೆದರೆ ನನ್ನ ಫೋನು ಟಿಂಗ್ ಎನ್ನುತ್ತದೆ. ಮೊದಲ ದಿನ ಸವರ್ಣದೀರ್ಘ ಸಂಧಿಯನ್ನು ಅರ್ಧಕ್ಕೆ ಬಿಟ್ಟು ವರಾಂಡಕ್ಕೆ ಓಡಿ, ಏನು ತೆಗೆದಿರಿ ಎಂದು ಫೋನಿನಲ್ಲಿ ವಿಚಾರಿಸಿದೆ. ತಣ್ಣೀರು ಎಂದರು. ಆ ಥಂಡಿಯಲ್ಲಿ, ಬಾಯಿ ಮುಕ್ಕಳಿಸಲೂ ಬಿಸಿನೀರು ಕೇಳುವ ಮನುಷ್ಯ! ಆಮೇಲೆ ಟಿಂಗ್ ಅಂದಾಗಲೆಲ್ಲ ನಾನು ಫೋನ್ ಮಾಡುವುದು, ಸ್ಟಾಫ್‌ರೂಮಿನವರು ಬಾಯಿಗೆ ಸೆರಗು ಹಿಡಿದು ನಗುವುದು ರೂಢಿಯಾಯಿತು. ಬರುಬರುತ್ತಾ ಟಿಂಗ್ ಕಮ್ಮಿಯಾಗಿ ನಿಂತೇ ಹೋಯಿತು. ಗಾಯವೂ ಮಾಯಿತು. ನಾನು ಗೆದ್ದೆ ಎಂದು ಊರೆಲ್ಲ ಹೇಳಿಕೊಂಡು ಬಂದೆ.

ಗೆದ್ದ ಸಂಭ್ರಮದಲ್ಲಿ ಒಂದು ಸಂಗತಿ ಗಮನಕ್ಕೆ ಬರಲಿಲ್ಲ. ನಾನು ಗೇಟು ತೆಗೆಯುವಷ್ಟರಲ್ಲಿ ಒಲೆಯ ಮೇಲೆ ಕಾಫಿಗಿಟ್ಟು ಕಾಯುತ್ತಿದ್ದವರು, ಈಗ ಸುಮ್ಮನೆ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಸಿಹಿ ತಪ್ಪಿಸಿದ ಸಿಟ್ಟು ಅಂದುಕೊಂಡೆ. ಒಂದು ಸಂಜೆ ನೆನೆದು ಬಂದವಳು, ಕಾಫಿ ಇಲ್ಲವಾ ಎಂದು ಕೇಳಿಯೇಬಿಟ್ಟೆ.

"ಹಾಲು ಫ್ರಿಜ್ಜಲ್ಲಿ ಇರ್ತದಲ್ಲ," ಎಂದರು, ಪೇಪರಿನಿಂದ ತಲೆ ಎತ್ತದೆ. "ತೆಗೆದ್ರೆ ಪಾಪ, ನೀನು ಪಾಠ ಬಿಟ್ಟು ಫೋನ್ ಮಾಡ್ಬೇಕಾಗ್ತದೆ."

ಮಧ್ಯಾಹ್ನಕ್ಕೆಂದು ನಾನು ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದ ಸಾರು ಹಾಗೇ ಉಳಿಯುತ್ತಿದ್ದುದೇಕೆ ಎಂದು ಆಗ ಹೊಳೆಯಿತು. ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಣ್ಣುತ್ತಿದ್ದರಂತೆ. ಚಾಕುವಿನ ತುದಿಯಿಂದ ಸೆನ್ಸರನ್ನು ಅವರ ಕಣ್ಣೆದುರೇ ಕಿತ್ತು, ಇನ್ನು ಎಷ್ಟು ಸಲ ಬೇಕಾದರೂ ತೆಗೆಯಿರಿ ಎಂದೆ. ಅವರು ಅಡುಗೆಮನೆಯನ್ನೆಲ್ಲ ಒಮ್ಮೆ ನಿಧಾನಕ್ಕೆ ನೋಡಿದರು.

"ಈಗ ಎಲ್ಲಿ ಅಂಟಿಸ್ತೀಯ?"

ವ್ಯಂಗ್ಯವಾಗಿ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದರು.

ಈಗ ಕಾಫಿ ಮತ್ತೆ ಸಿಗುತ್ತಿದೆ. ಆದರೆ ದಿನಾ ಶಾಲೆ ಬಿಡುವ ಹೊತ್ತಿಗೆ ಅವರೇ ಫೋನ್ ಮಾಡಿ, "ಹಾಲು ತೆಗೀಲಾ?" ಎಂದು ಕೇಳುತ್ತಾರೆ. ಕೇಳಬೇಡಿ ಎಂದು ಹೇಳಿ ಸಾಕಾಗಿದೆ. "ತೆಗೀರಿ" ಎನ್ನುತ್ತೇನೆ, ಕ್ಲಾಸಿನ ಮಕ್ಕಳು ಒಂದಕ್ಕೆ ಹೋಗಲು ಕಿರುಬೆರಳೆತ್ತಿದಾಗ ಹೋಗಿ ಬಾ ಎನ್ನುವ ಅದೇ ದನಿಯಲ್ಲಿ.